ಸಾವಿಗೊಂದು ನೆಪ

ಬಸವನಹುಳು ಮಾತ್ರ ಗಾಜಿನ ಮೇಲೆ ಹತ್ತುತ್ತಿದೆ, ಯಾವ ಅವಸರವೂ ಇಲ್ಲದೆ, ಕೆಳಗೆ ಇಷ್ಟೊಂದು ಹೆಣ ಬಿದ್ದಿರುವುದು ತನಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ, ನನಗೂ ಹಾಗೇ ಇದೆ, ಮೊಣಕೈವರೆಗೆ ತೊಟ್ಟಿಯಲ್ಲಿ ಕೈ ಇಳಿಬಿಟ್ಟು ಸತ್ತ ಮೀನುಗಳನ್ನು ಎತ್ತುತ್ತಿದ್ದೇನೆ, ಅಷ್ಟೆ — ಹಲ್ಲಿನ ಡಾಕ್ಟರ ಕಾಯುವ ಕೋಣೆ, ರೋಗಿಗಳು ಇನ್ನೂ ಬಂದಿಲ್ಲ, ಲವಂಗದ ಎಣ್ಣೆಯ ವಾಸನೆ, ಬೆನ್ನ ಹಿಂದೆ ಕೌಂಟರಿನ ಅಕ್ಕ ಮೂಗೊರೆಸಿಕೊಳ್ಳುತ್ತ, ನಿನ್ನೆ ಸಂಜೆ ಬಾಗಿಲು ಹಾಕುವಾಗ ಚೆನ್ನಾಗೇ ಇದ್ವು ಕಣ್ರೀ, ಮಾವ ಬಂದು ಗಾಜಿಗೆ ಮೂತಿ ಒತ್ತಿ ಊಟ ಕೇಳ್ತು. ಮಾವ ಅಂದರೆ ಆ ದಪ್ಪ ಕಿತ್ತಳೆ ಮೀನು, ಕೆನ್ನೆ ಉಬ್ಬಿಸಿಕೊಂಡು ಎಲ್ಲರನ್ನೂ ಗುರಾಯಿಸುತ್ತದೆಂದು ಅದಕ್ಕೆ ಆ ಹೆಸರಿಟ್ಟವಳು ಅವಳೇ, ಈಗ ಮಾವ ನನ್ನ ಅಂಗೈಯಲ್ಲಿ ಅಡ್ಡ ಮಲಗಿದೆ, ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತಿ ನೋಡುತ್ತೇನೆ, ಮೈಮೇಲೆ ಬಿಳಿ ಚುಕ್ಕಿಯಿಲ್ಲ, ರೆಕ್ಕೆ ಕೊಳೆತಿಲ್ಲ, ಹೊಟ್ಟೆ ಊದಿಲ್ಲ, ರೋಗವಾದರೆ ಒಂದೊಂದನ್ನಾಗಿ ಕರೆದುಕೊಂಡು ಹೋಗುತ್ತದೆ, ಉಸಿರು ಸಾಲದಿದ್ದರೆ ದೊಡ್ಡವು ಮೊದಲು ಹೋಗಿ ಸಣ್ಣವು ಉಳಿಯುತ್ತವೆ, ನೀರು ಕೆಟ್ಟಿದ್ದರೆ ಪರೀಕ್ಷೆಯ ಪಟ್ಟಿಗೆ ಬಣ್ಣ ಬರಬೇಕಿತ್ತು, ಬಂದಿಲ್ಲ, ದೊಡ್ಡದು ಚಿಕ್ಕದೆನ್ನದೆ ಎಲ್ಲವೂ ಒಟ್ಟಿಗೇ ಹೋಗಿವೆ, ಬಸವನಹುಳು ಉಳಿದಿದೆ, ಅಂದರೆ ವಿಷ, ಹುಳಹುಪ್ಪಟೆಗೆ ಹೊಡೆಯುವ ವಿಷ, ಮೀನಿಗೆ ಮಾರಿ, ಬಸವನಹುಳುವಿಗೆ ಅಷ್ಟಾಗಿ ತಾಗುವುದಿಲ್ಲ. ಗಾಜು ಅಂಟಿಸೋದು ನನ್ ಕೆಲ್ಸ, ಒಳಗಿರೋರ ಯೋಗಕ್ಷೇಮ ಇವಳದು, ನಮ್ಮವರು ನಮ್ಮ ಮೀನಿನ ತೊಟ್ಟಿಯ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು, ಮೀನಿನ ನಾಡಿ ಹಿಡೀತಾಳೆ ಸ್ವಾಮಿ, ಗಂಡನ ನಾಡಿ ಮಾತ್ರ ಸಿಗಲ್ಲ ಅಂತಾಳೆ, ಹೇಳಿ ತಾವೇ ಮೊದಲು ನಗುತ್ತಿದ್ದರು, ನಗುತ್ತಾರೆ, ಯಾವ ಕಾಲದಲ್ಲಿ ಹೇಳಬೇಕೋ. ಹೋದ ತಿಂಗಳು ಆಸ್ಪತ್ರೆಯಲ್ಲಿ ನಾನೂ ಹೀಗೇ ಒಬ್ಬರ ಬೆನ್ನ ಹಿಂದೆ ನಿಂತಿದ್ದೆ, ಏನಾಯ್ತು ಡಾಕ್ಟ್ರೇ, ಹೃದಯ ನಿಂತುಹೋಯ್ತಮ್ಮ, ನಿಂತಿದ್ದು ಗೊತ್ತು, ಯಾಕೆ ನಿಂತಿತು, ಆ ಡಾಕ್ಟರು ಒಳ್ಳೆಯವರು, ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು, ಎಲ್ಲಾ ನೋಡಿದ್ವಿ, ಕೆಲವರಿಗೆ ಹೀಗಾಗತ್ತೆ, ಕಾರಣ ಸಿಗಲ್ಲ. ಸಾವಿಗೊಂದು ನೆಪ ಅಷ್ಟೇ ಕಣೇ, ಅತ್ತಿಗೆ ನನ್ನ ಬೆನ್ನು ಸವರುತ್ತ ಅಂದರು, ಯಾವ ನೆಪ ಅತ್ತಿಗೆ, ತೋರ್ಸಿ, ನಮ್ಮವರಿಗೆ ನೆಪವೂ ಇರಲಿಲ್ಲ, ಆ ಬೆಳಿಗ್ಗೆ ಎದ್ದರು, ಮುಖ ತೊಳೆದರು, ಪೇಪರು ಬಿಡಿಸಿದರು, ಕಾಫಿ ಕಪ್ಪಿಗೆ ಕೈ ಹಾಕಿದರು, ಅಷ್ಟೆ. ಎಲ್ಲರೂ ನನ್ನ ಕಣ್ಣೀರಿಗಾಗಿ ಕಾದರು, ಬರಲಿಲ್ಲ, ಹಲ್ಲು ಕೀಳಲು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ಇದೆ, ಆದರೆ ತನ್ನದಲ್ಲ, ಹಾಗೆ.

ನಿನ್ನೆ ಇಲ್ಲಿ ಏನಾದ್ರೂ ಸ್ಪ್ರೇ ಹೊಡೆದ್ರಾ ಅಕ್ಕ, ನನ್ನ ದನಿಯೇ, ಯಾರದೋ ದನಿಯ ಹಾಗೆ. ಮೂಗೊರೆಸುವುದು ನಿಂತಿತು. ಇರುವೆ ಇತ್ತು, ಕೌಂಟರಿನ ಕೆಳಗೆ, ಅಲ್ಲಿಗೆ ಹೊಡೆದೆ, ಆದ್ರೆ ದೇವರಾಣೆ ತೊಟ್ಟಿ ಮುಚ್ಚಿದ್ದೆ, ದೊಡ್ಡ ಬಟ್ಟೆ ತಂದು ಮುಚ್ಚಿದ್ದೆ. ಮುಚ್ಚಿದ್ದಾಳೆ, ಪಾಪ, ಆದರೆ ಗಾಳಿಯ ಪಂಪು ಇರುವುದೇ ಕೌಂಟರಿನ ಕೆಳಗೆ, ಅಲ್ಲಿನ ಗಾಳಿ ಎಳೆದು ನೀರಿಗೆ ಊದುವುದೊಂದೇ ಅದಕ್ಕೆ ಗೊತ್ತು, ಮೀನು ಉಸಿರಾಡಲಿ ಎಂದು ಇಟ್ಟದ್ದು. ಒಳಗಿನಿಂದ ಡಾಕ್ಟರು ತಲೆಹಾಕಿ, ಏನಾದ್ರೂ ಗೊತ್ತಾಯ್ತಾ, ಅವಳ ಕಣ್ಣು ನನ್ನ ಬಾಯಿಯ ಮೇಲೆ, ಬಾಯಿ ಬಿಟ್ಟರೆ ಇವಳ ಕೆಲಸ ಹೋಗಬಹುದು, ಕೆಲವೊಮ್ಮೆ ಹೀಗಾಗತ್ತೆ ಸಾರ್ ಅಂದರೆ ಮುಗಿಯಿತು, ನಾಲಿಗೆಯ ತುದಿಗೆ ಬಂದಿದೆ, ಹೊರಗೆ ಬರುತ್ತಿಲ್ಲ, ಆ ಮಾತನ್ನು ಹೊತ್ತುಕೊಂಡು ಮನೆಗೆ ಹೋಗುವುದೇನೆಂದು ನಾನು ಬಲ್ಲೆ. ಇರುವೆ ಔಷಧಿ ಸಾರ್, ಪಂಪು ಎಳ್ಕೊಂಡುಬಿಟ್ಟಿದೆ, ತೊಟ್ಟಿ ಮುಚ್ಚೇ ಹೊಡೆದಿದಾರೆ, ಇದು ಯಾರಿಗೂ ಹೊಳೆಯೋ ವಿಷ್ಯ ಅಲ್ಲ. ಡಾಕ್ಟರು ಅವಳನ್ನು ನೋಡಿದರು, ತೊಟ್ಟಿಯನ್ನು ನೋಡಿದರು, ಹೋಗ್ಲಿ ಬಿಡಿ, ನೀವು ಬೇಕು ಅಂತ ಮಾಡಿದ್ದಲ್ವಲ್ಲ, ಎಂದು ಒಳಗೆ ಹೋದರು. ನನ್ ಕೈಯಾರೆ ಕೊಂದ್ನಲ್ಲಾ, ಅವಳು ಕೂತಲ್ಲೇ ಎದೆ ಬಿರಿಯುವ ಹಾಗೆ ಅಳುತ್ತಿದ್ದಾಳೆ, ನನಗೆ ಬರುವುದು ಕರುಣೆಯಲ್ಲ, ಹೊಟ್ಟೆಕಿಚ್ಚು, ಅವಳಿಗೆ ಅಳುವುದಕ್ಕೆ ಇರುವೆ ಔಷಧಿಯ ಒಂದು ಡಬ್ಬಿ ಇದೆ, ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಕಸಕ್ಕೆ ಎಸೆಯಬಹುದು. ಇದನ್ನ ಒಂದ್ನಿಮಿಷ ಕೊಡಿ ಎಂದು ಮಾವನನ್ನು ಇಸಿದುಕೊಂಡವಳು ಮುಷ್ಟಿ ಬಿಗಿದು ಕೂತುಬಿಟ್ಟಳು, ಕೊಡಿ ಅಕ್ಕ, ರೋಗಿಗಳು ಬರ್ತಾರೆ, ಅವಳು ಬಿಡುವುದಿಲ್ಲ, ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬೆರಳು ಬಿಡಿಸುತ್ತೇನೆ, ಕಿರುಬೆರಳು, ಉಂಗುರದ ಬೆರಳು — ನಮ್ಮವರ ಬೆರಳು ಕಾಫಿ ಕಪ್ಪಿನ ಕಿವಿಯೊಳಗಿತ್ತು, ತಲೆ ಮೇಜಿನ ಮೇಲೆ, ಕಪ್ಪು ಮಗುಚಿರಲಿಲ್ಲ, ಒಂದು ಹನಿ ಚೆಲ್ಲಿರಲಿಲ್ಲ, ಆಂಬುಲೆನ್ಸಿನವರು ಒಳಗೆ ಬಂದಾಗಲೂ ನಾನು ಅದನ್ನೇ ಬಿಡಿಸುತ್ತ ನಿಂತಿದ್ದೆ, ಬಿಡಮ್ಮ ನಾವು ನೋಡ್ಕೋತೀವಿ, ಬೆಚ್ಚಗಿತ್ತು, ಬೆಚ್ಚಗಿದ್ದದ್ದು ಬೆರಳೋ ಕಪ್ಪೋ — ಕೊಡಿ ಅಕ್ಕ, ನಾನಿದೀನಲ್ಲ — ಬೆರಳೋ ಕಪ್ಪೋ — ಬಾಗಿಲ ಗಂಟೆ ಆಗುತ್ತಿದೆ, ಯಾರೋ ಕೆನ್ನೆ ಹಿಡಿದುಕೊಂಡು ಒಳಗೆ ಬರುತ್ತಿದ್ದಾರೆ — ಕಪ್ಪಿನ ಕಿವಿಯೊಳಗೆ ಬೆರಳು, ಕಪ್ಪಿನ ಕಿವಿಯೊಳಗೆ ಬೆರಳು