ಹಿಟ್ಟಿನ ಮಿಲ್ಲಿನ ಬಟನ್ ಬೋರ್ಡು

ಹದಿನಾರು ಎಂಬ ಊರಿನ ಅರ್ಪಿತಳ ಹಿಟ್ಟಿನ ಮಿಲ್ಲಿನಲ್ಲಿ ಮೋಟಾರಿನ ಸ್ಟಾರ್ಟರ್ ಇದ್ದದ್ದು ಗೋಡೆಯ ಮೇಲೆ, ಎತ್ತರದಲ್ಲಿ. ದಿನವಿಡೀ ಕೈಯೆತ್ತಿ ಒತ್ತಿ ಒತ್ತಿ ಅತ್ತೆ ಚನ್ನಾಜಮ್ಮನಿಗೆ ಭುಜ ನೋವು ಹಿಡಿದಿತ್ತು. ಐಟಿಐ ಓದಿದ ಸೊಸೆ ನೋಡುತ್ತ ಕೂರಲಿಲ್ಲ. ನಂಜನಗೂಡಿನಿಂದ ಬಿಡಿಭಾಗ ತಂದು, ತಾನೇ ಬೆಸುಗೆ ಹಾಕಿ, ಸೊಂಟದ ಎತ್ತರಕ್ಕೆ ಬಟನ್ ಬೋರ್ಡೊಂದನ್ನು ಕೂರಿಸಿದಳು. ಹಸಿರು ಒತ್ತಿದರೆ ಮೋಟಾರ್ ಶುರು, ಕೆಂಪು ಒತ್ತಿದರೆ ಬಂದ್. ಊರ ಹೆಂಗಸರೆಲ್ಲ ಬಂದು ನೋಡಿಹೋದರು.

ವೈರಿಂಗ್ ಕೆಲಸದ ಕಲ್ಲಯ್ಯ ರಾಗಿ ಬೀಸಿಸಲು ಬಂದವನು ಬೋರ್ಡನ್ನೇ ನೋಡುತ್ತ ನಿಂತ.

“ಕೆಲ್ಸ ಚೆನ್ನಾಗದೆ ಕಣವ್ವ. ಆದ್ರೆ ಹಿಂಗೆ ಬರೀ ಮೈಯಲ್ಲಿ ಬಿಟ್ಟಿದ್ದೀಯಲ್ಲ? ಒಂದು ಬಾಕ್ಸ್ ಆಕ್ಬಿಡು.”

“ತಿಂಗಳಾಯ್ತು ಕಲ್ಲಯ್ಯಣ್ಣ, ಒಂದಿನಾನೂ ಕೆಟ್ಟಿಲ್ಲ. ಬಾಕ್ಸ್ ಹಾಕಿದ್ರೆ ರಿಪೇರಿಗೆ ಕೈಗೇ ಸಿಗಲ್ಲ.”

“ಇಟ್ಟಿನ ಧೂಳು ಕೂರ್ತದೆ, ತೇವ ಇಳೀತದೆ, ಇರುವೆ ಸೇರ್ಕತವೆ. ಬಟನ್ ಒತ್ತೋಕೆ ಆಗ ನೀನೇ ಬೇಕಾಗಿಲ್ಲ ಕಣವ್ವ.”

ಅರ್ಪಿತ ನಕ್ಕು, ಅವನ ರಾಗಿ ಬೀಸಲು ಹಸಿರು ಬಟನ್ ಒತ್ತಿದಳು.

ಆ ವಾರವೇ ಜಡಿಮಳೆ ಹಿಡಿಯಿತು. ಒಂದು ಬೆಳಗ್ಗೆ ಚನ್ನಾಜಮ್ಮ ಕೆಂಪು ಬಟನ್ ಒತ್ತಿ ಮೋಟಾರ್ ನಿಲ್ಲಿಸಿ, ಬೆಲ್ಟಿಗೆ ಸಿಕ್ಕಿದ್ದ ಗೋಣಿದಾರ ಬಿಡಿಸಿ ಕೈ ಈಚೆಗೆ ತೆಗೆದಿದ್ದರು, ಅಷ್ಟೆ. ಯಾರೂ ಬಟನ್ ಮುಟ್ಟದೆಯೇ ಮೋಟಾರ್ ಗರ್ರೆಂದಿತು. ಬೆಲ್ಟು ಸೆರಗನ್ನು ಎಳೆದುಕೊಂಡಿತು. ಅರ್ಪಿತ ಬಾಗಿಲ ಬಳಿಗೆ ಹಾರಿ ಮೇನ್ ಸ್ವಿಚ್ ಇಳಿಸಿದಳು. ಸೆರಗು ಹರಿಯಿತು, ಅತ್ತೆ ಉಳಿದರು.

ಬೋರ್ಡಿನ ಮೇಲೆ ತೇವ ಕುಡಿದ ಹಿಟ್ಟು ಮೆತ್ತಿಕೊಂಡಿತ್ತು; ಕರೆಂಟ್ ಅದರ ಮೂಲಕವೇ ಹರಿದು ಮೋಟಾರ್ ಶುರುವಾಗಿತ್ತು.

“ಏನೋ ಗಾಳಿ ಕಣವ್ವ, ತಾಯ್ತ ಕಟ್ಟುಸ್ಬೇಕು,” ಎಂದರು ಚನ್ನಾಜಮ್ಮ ಹರಿದ ಸೆರಗು ಸುತ್ತಿಕೊಳ್ಳುತ್ತ.

“ಗಾಳಿ ಅಲ್ಲ ಅತ್ತೆ, ತಪ್ಪು ನಂದು,” ಎಂದಳು ಅರ್ಪಿತ. ಕಲ್ಲಯ್ಯನಿಗೆ ಫೋನ್ ಮಾಡಿದವಳೂ ಅವಳೇ.

ಹೊಸ ಬೋರ್ಡನ್ನು ಇಬ್ಬರೂ ಸೇರಿ ಧೂಳು, ನೀರು ನುಗ್ಗದ ಪ್ಲಾಸ್ಟಿಕ್ ಬಾಕ್ಸಿನೊಳಗೆ ಕೂರಿಸಿದರು. ವೈರು ಹೋಗುವ ತೂತಿಗೆ ರಬ್ಬರ್ ಬಿಗಿದರು. ಹೊರಗೆ ಕಾಣುವುದು ಬಟನ್‌ಗಳಷ್ಟೇ. ರಿಪೇರಿಗೆ ನಾಲ್ಕು ಸ್ಕ್ರೂ ಬಿಚ್ಚಿದರಾಯಿತು.

“ಇನ್ಮೇಲೆ ಮೇನ್ ಇಳಿಸ್ದೆ ಬೆಲ್ಟಿಗೆ ಕೈ ಆಕಾಕಿಲ್ಲ,” ಎಂದು ಚನ್ನಾಜಮ್ಮ ತಾವಾಗಿಯೇ ಹೇಳಿದರು. ತಾಯತದ ಮಾತು ಮತ್ತೆ ಬರಲಿಲ್ಲ. ಈಗ ತಗಡೂರಿನ ಮಿಲ್ಲಿನವರೂ ಅರ್ಪಿತಳಿಂದಲೇ ಬೋರ್ಡು ಮಾಡಿಸಿಕೊಂಡಿದ್ದಾರೆ. ಬಾಕ್ಸ್ ಇಲ್ಲದೆ ಅವಳು ಕೊಡುವುದಿಲ್ಲ.

ನಿಮ್ಮ ಮಿಲ್ಲಿನಲ್ಲಿ, ಪಂಪ್ ಶೆಡ್ಡಿನಲ್ಲಿ ಕೈಯಾರೆ ಮಾಡಿದ ಬಟನ್ ಬೋರ್ಡು ಇದೆಯೇ? ಮಾಡಿದ ಕೈಗೆ ಶಾಭಾಸ್! ಆದರೆ ಅದು ತೆರೆದುಕೊಂಡಿದ್ದರೆ ಇವತ್ತೇ ಮೇನ್ ಆಫ್ ಮಾಡಿ. ಬಲ್ಲ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಗಟ್ಟಿ ಬಾಕ್ಸ್ ಹಾಕಿಸಿ. ಆಮೇಲೆ ಧೈರ್ಯವಾಗಿ ಒತ್ತಿ.