ಎರಡು ಬಾಗಿಲಿನ ಕಾರು

"ಆ ಕಾರು ಈ ಗೇಟು ದಾಟಿದ್ರೆ ನಾನು ಸ್ಮಶಾನಕ್ಕೆ ಬರಲ್ಲ. ಕೇಳಿಸ್ತಾ? ಮಗ ನೀನಿದೀಯಲ್ಲ, ನೀನೇ ಹೂತು ಬಾ!"

ಅಕ್ಕ ಶೆಡ್ಡಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೂದಲು ಮುಖದ ಮೇಲೆ ಬಿದ್ದಿತ್ತು, ಅದನ್ನು ಸರಿಮಾಡಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. ಎದುರಿಗೆ ತಮ್ಮ, ಕಾರಿನ ಕೀ ಹಿಡಿದುಕೊಂಡು.

"ಮೆಲ್ಲಗೆ ಮಾತಾಡಕ್ಕ. ಒಳಗೆ ಅಪ್ಪ ಇದಾರೆ."

"ಬದುಕಿದ್ದಿದ್ರೆ ಇನ್ನೂ ಜೋರಾಗಿ ಹೇಳ್ತಿದ್ದೆ."

ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ನೆರೆಹೊರೆಯವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಪಕ್ಕದ ಮನೆಯ ಟೈಲರ್ ಖಾಲಿ ಲೋಟವನ್ನೇ ಮತ್ತೆ ಬಾಯಿಗಿಟ್ಟುಕೊಂಡ.

"ಜೀವಮಾನದಲ್ಲಿ ಅಪ್ಪ ಆಸೆಪಟ್ಟು ತಂದಿದ್ದು ಅದೊಂದೇ," ಎಂದ ತಮ್ಮ. "ವ್ಯಾನಿನ ಹಿಂದೆ ಅದು ಬರ್ಲಿ ಅಂತಷ್ಟೇ ನಾನು ಕೇಳ್ತಿರೋದು."

"ಅದನ್ನೇ ನಾನೂ ಹೇಳ್ತಿರೋದು. ಆಸೆ ಇದ್ದಿದ್ದು ಅದೊಂದರ ಮೇಲೇ. ಅಮ್ಮನ ಮೇಲಲ್ಲ. ನಿನ್ನ ಬಾಯಲ್ಲೇ ಬಂತಲ್ಲ, ಸದ್ಯ."

ಸತ್ತವನು ಊರಿನ ಶವದ ವ್ಯಾನಿನ ಡ್ರೈವರಾಗಿದ್ದ. ಬೆಳ್ಳಗಿನ ಉದ್ದನೆಯ ವ್ಯಾನು. ಅದನ್ನು ಅವನು ಜನ ನಡೆಯುವ ವೇಗಕ್ಕಿಂತ ಒಂದಿಷ್ಟೂ ಜೋರಾಗಿ ಓಡಿಸಿದವನಲ್ಲ. ಹಿಂದೆ ನಡೆದು ಬರುವ ಮುದುಕಿಯರಿಗೂ ಏದುಸಿರು ಬರಬಾರದು ಎಂಬುದು ಅವನ ಲೆಕ್ಕ. ಅದಕ್ಕೇ ಊರವರು ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಯಾರಾದರೂ ರಸ್ತೆಯಲ್ಲಿ ಬೈಕು ಹಾರಿಸಿಕೊಂಡು ಹೋದರೆ, "ಯಾಕಪ್ಪ, ನಿಧಾನಪ್ಪನ ಗಾಡಿ ಹತ್ತೋಕೆ ಅಷ್ಟೊಂದು ಅವಸರ?" ಎಂದು ಅಂಗಡಿಯವರು ಕೂಗುತ್ತಿದ್ದರು. ಆ ಹೆಸರಿನವನ ಶೆಡ್ಡಿನಲ್ಲಿ ಇದ್ದದ್ದು ಮಾತ್ರ ನೆಲಕ್ಕೆ ಅಂಟಿಕೊಂಡಂಥ, ಉದ್ದ ಮೂತಿಯ, ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು.

ಅಮ್ಮ ಸತ್ತ ಮೇಲೆ ಅಕ್ಕ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಊರಿನ ಆ ತುದಿಯ ದೊಡ್ಡ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗ ನೋಡಿಕೊಂಡು ಅಲ್ಲೇ ಇದ್ದಳು. ತಮ್ಮ ಬೇರೆ ಊರಿನಲ್ಲಿ ಲಿಫ್ಟ್ ರಿಪೇರಿ ಮಾಡುವವನು, ಅಪರೂಪಕ್ಕೆ ಬಂದು ಮುಖ ತೋರಿಸಿ ಹೋಗುತ್ತಿದ್ದ. ಅಪ್ಪ ಒಬ್ಬನೇ ಬೇಯಿಸಿಕೊಂಡು ತಿಂದ, ಒಬ್ಬನೇ ಸತ್ತ. ಮೊದಲು ನೋಡಿದವನು ಟೈಲರ್.

ಚಿಕ್ಕಪ್ಪ ಒಳಗಿನಿಂದ ಬಂದ. "ಹೆಣ ಇಟ್ಕೊಂಡು ಕಾರಿಗೆ ಕಿತ್ತಾಡ್ತೀರಲ್ರೋ, ಮಾನ ಇದೆಯಾ ನಿಮಗೆ? ವ್ಯಾನು ಬಂದು ನಿಂತಿದೆ."

ಅಕ್ಕ ಒಮ್ಮೆ ನಕ್ಕಳು. ಅದು ನಗುವಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

"ಆಯ್ತು ಕಣೋ. ಒಂದೇ ಒಂದು ಸಲ ಕೀ ತಿರುಗಿಸು. ಸ್ಟಾರ್ಟ್ ಆಯ್ತಾ, ವ್ಯಾನಿನ ಹಿಂದೆ ಓಡಿಸ್ಕೊಂಡು ಬಾ, ನಾನೇ ನಿನ್ನ ಪಕ್ಕ ಕೂತ್ಕೊಂಡು ಬರ್ತೀನಿ. ಆಗ್ಲಿಲ್ವಾ, ಸಂಜೆ ಒಳಗೆ ಗುಜರಿಯವನು ಬಂದು ಇದನ್ನ ಎತ್ಕೊಂಡು ಹೋಗ್ಬೇಕು. ಒಪ್ಪಿಗೇನಾ?"

ತಮ್ಮ ಕೀಯನ್ನು ನೋಡಿದ. ಅದು ಸ್ಟಾರ್ಟ್ ಆಗುತ್ತದೆಂಬ ಧೈರ್ಯ ಅವನಿಗೂ ಇರಲಿಲ್ಲ.

"ಅಮ್ಮಾ, ಆ ಕಾರು..." ಎಂದು ಟೈಲರ್ ಬಾಯಿ ತೆರೆದ.

"ನೀವು ಸುಮ್ನಿರಿ ಟೈಲರ್ರೇ. ಇದು ನಮ್ಮನೆ ಗೋಳು."

*

ಕಾರು ಬಂದದ್ದೂ ಸಾವಿನ ಮನೆಯಿಂದಲೇ. ಯಾರೋ ಒಬ್ಬ ಹುಡುಗಾಟದ ಶ್ರೀಮಂತ ತೀರಿಕೊಂಡಿದ್ದ, ನಿಧಾನಪ್ಪ ಅವನನ್ನು ವ್ಯಾನಿನಲ್ಲಿ ಸ್ಮಶಾನಕ್ಕೆ ಕರೆದೊಯ್ದಿದ್ದ. ಆ ಶ್ರೀಮಂತನ ಹೆಂಡತಿಗೆ ಕಾರು ಕಣ್ಣೆದುರಿಗೆ ಇರುವುದು ಬೇಡವಾಗಿತ್ತು. ಆಗಲೇ ಅದಕ್ಕೆ ವಯಸ್ಸಾಗಿತ್ತು. ಕೊಟ್ಟಷ್ಟಕ್ಕೆ ಕೊಟ್ಟುಬಿಟ್ಟಳು.

"ಸತ್ತವನ ಕಾರು ಮನೆಗೆ ತಂದ್ರಾ?" ಎಂದು ಅಮ್ಮ ಬಾಗಿಲಲ್ಲೇ ತಡೆದಳು.

"ಸತ್ತವರಿಂದಲೇ ಕಣೇ ನಮ್ಮನೆ ಒಲೆ ಉರೀತಿರೋದು. ಕಾರೊಂದು ಮೈಲಿಗೆಯಾ?"

"ನಾವು ನಾಲ್ಕು ಜನ. ಬಾಗಿಲು ಎರಡು."

"ಮಕ್ಕಳು ಹಿಂದೆ ತೂರ್ಕೋತಾರೆ ಬಿಡು."

ಮಕ್ಕಳು ತೂರಿಕೊಂಡರು. ಮಂಡಿ ಗದ್ದಕ್ಕೆ ತಾಗುತ್ತಿತ್ತು, ಪೆಟ್ರೋಲ್ ವಾಸನೆಗೆ ತಮ್ಮ ಒಂದು ಸಲ ಅಪ್ಪನ ಕುತ್ತಿಗೆಯ ಮೇಲೇ ವಾಂತಿ ಮಾಡಿದ. ಭಾನುವಾರ ಊರಾಚೆಯ ನೇರ ರಸ್ತೆಗೆ ಬಂದ ಕೂಡಲೇ ಅಪ್ಪ ಬೇರೆಯೇ ಮನುಷ್ಯನಾಗುತ್ತಿದ್ದ. ವಾರವೆಲ್ಲ ಹೆಣದ ಮುಂದೆ ಬಾಯಿ ಬಿಗಿದುಕೊಂಡು ಕೂರುವವನು, ಅಲ್ಲಿ ಕಾಲು ಒತ್ತಿದ ಮೇಲೆ ಹಲ್ಲು ಕಿರಿದು ಕೇಕೆ ಹಾಕುತ್ತಿದ್ದ. ಅಪ್ಪನಿಗೆ ಒಂದು ದವಡೆ ಹಲ್ಲು ಇಲ್ಲವೆಂಬುದು ಮಕ್ಕಳಿಗೆ ಗೊತ್ತಾದದ್ದು ಆ ರಸ್ತೆಯಲ್ಲಿ. ಎಂಜಿನ್ ಕೂಗು ಬೆನ್ನಮೂಳೆಗೆ ಹತ್ತಿ ಬರುತ್ತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡು, "ಸಾಕು, ಸಾಕು ರೀ," ಎನ್ನುತ್ತಿದ್ದಳು. ಆದರೂ ಅವಳ ತುಟಿಯ ತುದಿಯಲ್ಲಿ ನಗು ಇರುತ್ತಿತ್ತು. ಅಕ್ಕ ಹಿಂದಿನಿಂದ ಕನ್ನಡಿಯಲ್ಲಿ ಅದನ್ನು ನೋಡಿದ್ದಾಳೆ.

ಅಂಥ ಭಾನುವಾರಗಳು ಬೆರಳೆಣಿಕೆಯಷ್ಟು. ಮಿಕ್ಕ ಭಾನುವಾರಗಳಲ್ಲಿ ಅಪ್ಪನ ಕಾಲುಗಳು ಮಾತ್ರ ಕಾಣಿಸುತ್ತಿದ್ದವು, ಮಿಕ್ಕಿದ್ದು ಕಾರಿನಡಿ. ಎಡಗಡೆಯ ಗಾಜು ಇಳಿಸಿದರೆ ಬಾಗಿಲಿನ ಹೊಟ್ಟೆಯೊಳಕ್ಕೆ ಬಿದ್ದುಬಿಡುತ್ತಿತ್ತು. ಎರಡನೇ ಗೇರು ತಾನಾಗಿಯೇ ಕಳಚಿಕೊಳ್ಳುತ್ತಿತ್ತು. ಹವೆ ಸ್ವಲ್ಪ ತಂಪಾದರೆ ಸಾಕು, ಸ್ಟಾರ್ಟ್ ಮಾಡಿಸಿಕೊಳ್ಳುತ್ತಲೇ ಇರಲಿಲ್ಲ. ಒಂದು ಬಿಡಿಭಾಗಕ್ಕಾಗಿ ಅಪ್ಪ ರಜೆ ಹಾಕಿ ಮೂರು ಊರಿನ ಗುಜರಿ ಅಲೆದು ಬರಿಗೈಯಲ್ಲಿ ಬರುತ್ತಿದ್ದ. ಬಂದವನು ಊಟವನ್ನೂ ಬಿಟ್ಟು ಶೆಡ್ಡಿಗೆ ಹೋಗಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

"ನಮಗೆ ಜ್ವರ ಬಂದಾಗ ಹೀಗೆ ನಿಂತಿದ್ರಾ?" ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

*

ತಮ್ಮ ಶೆಡ್ಡಿನ ಬಾಗಿಲು ತಳ್ಳಿ, ಕಾರಿನ ಮೇಲಿನ ಟಾರ್ಪಾಲು ಎಳೆದ. ಕಾರು ಫಳಫಳ ಹೊಳೆಯುತ್ತಿತ್ತು. ಧೂಳಿನ ಒಂದು ಕಣವೂ ಇಲ್ಲ.

ಅಕ್ಕ ಬೇಡವೆಂದುಕೊಂಡೇ ಒಳಗೆ ಇಣುಕಿದಳು. ಡ್ರೈವರ್ ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ವಾಲಿಸಿ ಹಾಸಿಗೆಯ ಹಾಗೆ ಮಾಡಲಾಗಿತ್ತು. ತಲೆಯ ಜಾಗದಲ್ಲಿ ಒಂದು ದಿಂಬು. ಕಾಲಿನ ಕಡೆ ಒಗೆದ ಹೊದಿಕೆ, ಅಂಚಿಗೆ ಅಂಚು ಕೂಡಿಸದೆ ಗಂಡಸರು ಮಡಚುವ ಹಾಗೆ ಮಡಚಿದ್ದು. ದಿನವಿಡೀ ಹೋಟೆಲಿನ ಹೊದಿಕೆ ಮಡಚಿಸುವ ಅವಳ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಹೊದಿಕೆಯಲ್ಲಿ ಸೋಪಿನ ವಾಸನೆ ಇನ್ನೂ ಇತ್ತು.

"ಇದೇನಿದು?"

"ಗೊತ್ತಿಲ್ಲ ಅಕ್ಕ," ಎಂದ ತಮ್ಮ.

ಅಷ್ಟರಲ್ಲಿ ಒಳಗಿನಿಂದ ನಾಲ್ಕು ಜನ ಹೆಣವನ್ನು ಹೊತ್ತು ತಂದರು. ವ್ಯಾನಿನ ಹೊಸ ಡ್ರೈವರು, ನಿಧಾನಪ್ಪನ ಕೈಕೆಳಗೆ ಪಳಗಿದವನು, ಹಿಂದಿನ ಬಾಗಿಲು ತೆಗೆದು ನಿಂತಿದ್ದ. ಅಪ್ಪ ಮೊದಲ ಬಾರಿಗೆ ಆ ವ್ಯಾನಿನ ಹಿಂದುಗಡೆ ಮಲಗಿದ. ಅಕ್ಕ ಅತ್ತ ನೋಡಲಿಲ್ಲ.

*

ವರ್ಷಗಳ ಹಿಂದಿನ ಆ ಮಧ್ಯಾಹ್ನ ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತುಬಿಟ್ಟಳು. ಹಣೆಯಲ್ಲಿ ಬೆವರು ಧಾರೆ. ಆಂಬುಲೆನ್ಸಿಗೆ ಫೋನು ಮಾಡಿದರೆ ಬೇರೆ ಕಡೆ ಹೋಗಿದೆ, ಕಾಯಿರಿ ಎಂದರು.

ಗೇಟಿನ ಮುಂದೆ ವ್ಯಾನು ನಿಂತಿತ್ತು. ತೊಳೆದು, ಒರೆಸಿ, ಪೆಟ್ರೋಲು ತುಂಬಿಸಿ. ಒಂದೇ ಏಟಿಗೆ ಸ್ಟಾರ್ಟ್ ಆಗುವ ಗಾಡಿ.

"ವ್ಯಾನಿಗೆ ಹಾಕಪ್ಪಾ ಅಮ್ಮನ್ನ!" ಎಂದು ಮಗಳು ಚೀರಿದಳು.

"ಉಸಿರಿರೋರನ್ನ ಅದರಲ್ಲಿ ಮಲಗಿಸಲ್ಲ."

"ಈಗ ಅದನ್ನೆಲ್ಲ ನೋಡ್ತಾರಾ?"

"ಮಲಗಿಸಲ್ಲ ಅಂದ್ನಲ್ಲ!" ಅಪ್ಪ ಅಮ್ಮನ ಬೆನ್ನಿಗೆ ಕೈ ಕೊಟ್ಟ. "ಅದರಲ್ಲಿ ಮಲಗಿದವರು ಎದ್ದು ಬಂದಿದ್ದನ್ನ ನಾನು ನೋಡಿಲ್ಲ ಕಣೇ. ಒಬ್ಬರನ್ನೂ ನೋಡಿಲ್ಲ."

ಅಮ್ಮನನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದ. ಹವೆ ತಂಪಾಗಿತ್ತು. ಕೀ ತಿರುಗಿಸಿದ. ಕಾರು ಕೆಮ್ಮಿತು. ಮತ್ತೆ ತಿರುಗಿಸಿದ. "ಇನ್ನೊಂದೇ ಸಲ. ಇನ್ನೊಂದೇ ಸಲ," ಎನ್ನುತ್ತಾ ಇದ್ದ. ಇಳಿದು ಬಾನೆಟ್ಟು ಎತ್ತಿದ, ಏನೋ ಒರೆಸಿದ, ಓಡಿ ಬಂದು ಕೂತ. ಮಗಳು ರಸ್ತೆಗೆ ಓಡಿ ಬರುವ ಹೋಗುವ ಗಾಡಿಗಳಿಗೆ ಅಡ್ಡ ನಿಂತಳು. ಶವದ ವ್ಯಾನು ನಿಂತ ಮನೆಯ ಮುಂದೆ ಯಾರು ನಿಲ್ಲಿಸುತ್ತಾರೆ? ಸತ್ತವರಿಗೆ ಅವಸರವಿಲ್ಲವೆಂದುಕೊಂಡು ಎಲ್ಲರೂ ಪಕ್ಕಕ್ಕೆ ತಿರುಗಿಸಿಕೊಂಡು ಹೋದರು.

ಕೊನೆಗೆ ಟೈಲರ್ ಎಲ್ಲಿಂದಲೋ ಒಂದು ಆಟೋ ಹಿಡಿದು ತಂದಾಗ, ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೇ ಇದ್ದಳು. ತಲೆ ಗಾಜಿಗೆ ಒರಗಿತ್ತು. ಅಪ್ಪ ಇನ್ನೂ ಕೀ ತಿರುಗಿಸುತ್ತಲೇ ಇದ್ದ.

ಮಾರನೆಯ ದಿನ ಅವಳನ್ನು ವ್ಯಾನಿನಲ್ಲಿ ಮಲಗಿಸಿ ಅವನೇ ಓಡಿಸಿದ. ಎಂದಿನ ಹಾಗೆ ನಿಧಾನವಾಗಿ. ಹಿಂದೆ ನಡೆಯುತ್ತಿದ್ದ ಮಗಳು ಅರ್ಧ ದಾರಿಯಲ್ಲೇ, "ಇವತ್ತು ಮಾತ್ರ ಗಾಡಿ ಚೆನ್ನಾಗಿ ಓಡ್ತಿದೆ, ಅಲ್ವಾ?" ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿದಳು. ಅಪ್ಪನೊಂದಿಗೆ ಅವಳ ಕೊನೆಯ ಮಾತು ಅದೇ.

*

ತಮ್ಮ ಕೂತು ಕೀ ತಿರುಗಿಸಿದ.

ಕಾರು ಸ್ಟಾರ್ಟ್ ಆಯಿತು. ಕೆಮ್ಮಲಿಲ್ಲ, ತಡವರಿಸಲಿಲ್ಲ. ಕಾಯುತ್ತಾ ಕೂತಿದ್ದ ಹಾಗೆ ಒಂದೇ ಏಟಿಗೆ ಎದ್ದಿತು. ಶೆಡ್ಡಿನ ತಗಡು ಝಲ್ಲೆಂದಿತು. ಕುರ್ಚಿಗಳಲ್ಲಿದ್ದವರು ಎದ್ದು ನಿಂತರು.

ಅಕ್ಕ ಟೈಲರ್ ಕಡೆ ತಿರುಗಿದಳು.

"ನಾನು ಅದನ್ನೇ ಹೇಳೋಕೆ ಬಂದಿದ್ದು," ಎಂದ ಟೈಲರ್. ಶಬ್ದದ ಮೇಲೆ ಕೂಗಿ ಹೇಳಬೇಕಾಯಿತು. "ನಿಮ್ಮಮ್ಮ ಹೋದಾಗಿನಿಂದ ದಿನಾ ಬೆಳಿಗ್ಗೆ ನಮ್ಮ ಮನೆಗೆ ಇದೇ ಅಲಾರಂ. ಸ್ಟಾರ್ಟ್ ಮಾಡೋರು, ಪಕ್ಕ ನಿಂತು ಸ್ವಲ್ಪ ಹೊತ್ತು ಕೇಳೋರು, ಆಫ್ ಮಾಡಿ ಕೆಲಸಕ್ಕೆ ಹೋಗೋರು. ಯಾಕ್ ಸ್ವಾಮಿ ಇದು, ಅಂದೆ ಒಂದಿನ. 'ಬೇಕಾದಾಗ ಆಗ್ಬೇಕಲ್ಲ' ಅಂದ್ರು."

"ಯಾರಿಗೆ ಬೇಕಾದಾಗ?" ಎಂದಳು ಅಕ್ಕ.

ಟೈಲರ್ ಖಾಲಿ ಲೋಟವನ್ನು ಕುರ್ಚಿಯ ಮೇಲಿಟ್ಟ.

"ಅಕ್ಕ, ಮಾತು ಕೊಟ್ಟಿದೀಯ," ಎಂದು ತಮ್ಮ ಒಳಗಿನಿಂದ ಬಾಗಿ ಆ ಕಡೆಯ ಬಾಗಿಲು ತೆರೆದ.

ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಹೊದಿಕೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಸೀಟು ವಾಲಿದ್ದರಿಂದ ಬೆನ್ನಿಗೆ ಆಸರೆ ಸಿಗಲಿಲ್ಲ. ಒರಗದೆ ನೆಟ್ಟಗೆ ಕೂತಳು. ಕೈಗಳು ತಾವಾಗಿಯೇ ಹೊದಿಕೆಯನ್ನು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ ಮಡಚತೊಡಗಿದವು. ಮುಂದೆ ವ್ಯಾನು ಮೆಲ್ಲಗೆ ಕದಲಿತು.

ತಮ್ಮ ಹ್ಯಾಂಡ್‌ಬ್ರೇಕು ಇಳಿಸಿ, ಗೇರು ಹಾಕಿ ಕ್ಲಚ್ಚು ಬಿಟ್ಟ. ಕಾರಿನ ಮೂತಿ ಒಮ್ಮೆ ಮೇಲೆದ್ದು, ಮೈಯೆಲ್ಲ ನಡುಗಿ ನಿಂತುಬಿಟ್ಟಿತು. ಕೀ ತಿರುಗಿಸಿದ, ತಕ್ಷಣ ಸ್ಟಾರ್ಟ್ ಆಯಿತು. ಗೇರು ಹಾಕಿದ. ಮತ್ತೆ ನಡುಗಿ ನಿಂತಿತು.

ವ್ಯಾನಿನ ಡ್ರೈವರು ಇಳಿದು ಬಂದು ನೆಲಕ್ಕೆ ಕೈಯೂರಿ ಹಿಂದಿನ ಚಕ್ರ ನೋಡಿದ. "ಬ್ರೇಕು ತುಕ್ಕು ಹಿಡಿದು ಕಚ್ಕೊಂಡಿದೆ ಅಣ್ಣ. ಟೈರು ನೋಡಿ, ನಿಂತ ಕಡೆ ಚಪ್ಪಟೆ ಆಗಿದೆ. ಈ ಗಾಡಿ ಕದಲಿ ವರ್ಷಗಟ್ಟಲೆ ಆಗಿದೆ."

"ಕದಲಿಸೇ ಇಲ್ಲ," ಎಂದ ಟೈಲರ್ ಸಣ್ಣ ದನಿಯಲ್ಲಿ. "ಸ್ಟಾರ್ಟ್ ಮಾಡ್ತಿದ್ರು ಅಷ್ಟೇ."

"ಅಷ್ಟು ಗಾಡಿ ಗೊತ್ತಿದ್ದವನಿಗೆ ಇಷ್ಟು ಗೊತ್ತಾಗ್ಲಿಲ್ವೇನೋ?" ಎಂದ ಚಿಕ್ಕಪ್ಪ ಯಾರಿಗೂ ಅಲ್ಲದ ಹಾಗೆ.

ತಮ್ಮನ ಹಣೆಯಲ್ಲಿ ಬೆವರು ಬಂದಿತ್ತು. ಕೀ ತಿರುಗಿಸಿದ. ಕಾರು ವಿಧೇಯವಾಗಿ ಎದ್ದಿತು. "ಬಂದೇ ಬರುತ್ತೆ. ಇನ್ನೊಂದೇ ಸಲ ಅಕ್ಕ," ಎಂದ. "ಇನ್ನೊಂದೇ ಸಲ."

ಅವಳು ಬಾಗಿಲು ತೆರೆದು ಇಳಿದಳು. ಮುಚ್ಚಲಿಲ್ಲ.

ಅಂಗಳ ದಾಟಿದಳು. ವ್ಯಾನಿನ ಪಕ್ಕದಿಂದ ಹೋಗುವಾಗ ಒಂದು ಗಳಿಗೆ ನಿಂತು ಹಿಂದಿನ ಗಾಜಿನೊಳಗೆ ನೋಡಿದಳು. ಬಿಳಿ ಬಟ್ಟೆಯ ತುದಿಯಲ್ಲಿ ಅಪ್ಪನ ಎರಡು ಪಾದಗಳು ಕಂಡವು. ಕಾರಿನಡಿಯಿಂದ ಚಾಚಿರುತ್ತಿದ್ದವಲ್ಲ, ಅವೇ ಪಾದಗಳು, ಬೆರಳು ಮೇಲಕ್ಕೆ ಮಾಡಿಕೊಂಡು.

"ಎಲ್ಲಿಗಮ್ಮಾ? ಸ್ಮಶಾನ ಈ ಕಡೆ!" ಎಂದು ಚಿಕ್ಕಪ್ಪ ಕೂಗಿದ.

ಗೇಟಿನಾಚೆ ಎಡಕ್ಕೆ ಹೋದರೆ ಸ್ಮಶಾನ, ಬಲಕ್ಕೆ ಹೋದರೆ ಬಸ್ ನಿಲ್ದಾಣ. ಅವಳು ಬಲಕ್ಕೆ ತಿರುಗಿದಳು. ಮಡಚಿದ ಹೊದಿಕೆ ಕಂಕುಳಲ್ಲೇ ಉಳಿದಿತ್ತು, ಅವಳಿಗೆ ಅದರ ಅರಿವಿರಲಿಲ್ಲ.

ಮೊದಲು ಬಿರಬಿರನೆ ನಡೆದಳು. ಆಮೇಲೆ ಹೆಜ್ಜೆ ಸಣ್ಣದಾಯಿತು. ಬೆನ್ನ ಹಿಂದೆ ಕಾರು ಕೂಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೂಗುತ್ತಿತ್ತು, ಊರಾಚೆಯ ನೇರ ರಸ್ತೆಯಲ್ಲಿ ಕೂಗುತ್ತಿತ್ತಲ್ಲ, ಅದೇ ಕೂಗು. ಅಂಗಡಿ ಬೀದಿಯ ತಿರುವಿನವರೆಗೂ ಅವಳು ಕಿವಿ ಹಿಂದಕ್ಕೇ ಇಟ್ಟುಕೊಂಡು ನಡೆದಳು. ಶಬ್ದ ಇದ್ದಲ್ಲೇ ಇತ್ತು, ಒಂದು ಮಾರೂ ಹತ್ತಿರ ಬರಲಿಲ್ಲ.