ಶಶಿರೇಖಾಳ ಏದುಸಿರು

ವೈದ್ಯನಾಥಪುರದ ಹೆಂಗಸರ ಹಗ್ಗಜಗ್ಗಾಟದ ತಂಡದಲ್ಲಿ ಶಶಿರೇಖಾ ನಿಲ್ಲುತ್ತಿದ್ದದ್ದು ಎಲ್ಲರಿಗಿಂತ ಹಿಂದೆ. ಅವಳು ಹಗ್ಗದ ತುದಿ ಹಿಡಿದು ಹಿಮ್ಮಡಿ ಊರಿದಳೆಂದರೆ ಎದುರಿನವರಿಗೆ ಹುಣಸೇಮರ ಎಳೆದಂತಾಗುತ್ತಿತ್ತು. ಅಂಥವಳು ಈ ಮಳೆಗಾಲದಲ್ಲಿ, ದಸರಾ ಕ್ರೀಡಾಕೂಟಕ್ಕೆ ಅಭ್ಯಾಸ ಶುರುವಾದಾಗ, ಒಂದೇ ಸುತ್ತಿಗೆ ಏದುಸಿರು ಬಿಡುತ್ತಾ ಹುಲ್ಲಿನ ಮೇಲೆ ಕೂತುಬಿಟ್ಟಳು.

"ಯಾಕ್ ಶಶಕ್ಕ, ಕಾಲ್ ಉಳುಕ್ತಾ?" ಎಂದಳು ಅವಳ ಮುಂದೆ ಹಗ್ಗ ಹಿಡಿಯುವ ಕವಿತ.

"ಕಾಲ್ ಚೆನ್ನಾಗೇ ಅದೆ ಕಣೆ. ಉಸ್ರೇ ಸಾಲ್ತಿಲ್ಲ."

ಗಂಡ ಮರಿಸಿದ್ದಯ್ಯನ ಹತ್ತಿರ ಕೊರೊನಾ ಕಾಲದಲ್ಲಿ ಕೊಂಡ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇತ್ತು. ಊರಲ್ಲಿ ಯಾರು ಕೆಮ್ಮಿದರೂ ಓಡಿಹೋಗಿ ಅವರ ಬೆರಳಿಗೆ ಸಿಕ್ಕಿಸುವುದು ಅವನಿಗೆ ಚಟವಾಗಿತ್ತು. ಅಂದು ಹೆಂಡತಿಯ ಬೆರಳಿಗೂ ಸಿಕ್ಕಿಸಿದ.

"ತೊಂಬತ್ತೊಂಬತ್ತು ಕಣಮ್ಮಿ! ನಂಗೇ ತೊಂಬತ್ತೇಳು. ನಿಂದು ಬರೀ ಸೋಂಬೇರಿತನ."

ಶಶಿರೇಖಾಳಿಗೆ ರೇಗಿತು. "ನಡೀರಿ, ಮದ್ದೂರ್ಗೆ ಓಗನ. ನಿಮ್ ಮಿಸಿನ್ನೂ ತಕಳಿ. ಡಾಕ್ಟ್ರು ಮುಂದ್ಲೇ ತೀರ್ಮಾನ ಆಗ್ಲಿ."

ಮದ್ದೂರಿನ ಡಾಕ್ಟರ್ ಆಲಿಯಾ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ, ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಬರೀ ಎಂಟು.

ಮರಿಸಿದ್ದಯ್ಯ ತನ್ನ ಯಂತ್ರವನ್ನು ಮೇಜಿನ ಮೇಲಿಟ್ಟ. "ಅಂಗಾರೆ ಇದು ಸುಳ್ಳಾ ಮೇಡಮ್?"

"ಸುಳ್ಳಲ್ಲ ಯಜಮಾನ್ರೇ. ಆದ್ರೆ ಇದಕ್ಕೆ ಗೊತ್ತಿರೋದು ಅರ್ಧ ವಿಷಯ. ರಕ್ತಕ್ಕೆ ಕೆಂಪು ಬರೋದೇ ಹಿಮೋಗ್ಲೋಬಿನ್‌ನಿಂದ. ಶ್ವಾಸಕೋಶದಲ್ಲಿ ಆಮ್ಲಜನಕ ಹತ್ತಿಸ್ಕೊಂಡು ಮೈಯೆಲ್ಲಾ ಸುತ್ತೋದು ಅದರ ಕೆಲಸ. ನಿಮ್ಮೂರ ಕಡೆ ಗಾಡೀಲಿ ಕಬ್ಬು ಸಾಗಿಸ್ತಾರಲ್ಲ, ಹಾಗೇ ಅಂದ್ಕೊಳ್ಳಿ. ಗಾಡಿ ತುಂಬಿದ್ಯಾ ಅಂತ ಈ ಮಷಿನ್ ಹೇಳತ್ತೆ, ಗಾಡಿ ಎಷ್ಟಿವೆ ಅಂತ ಹೇಳಲ್ಲ. ನಿಮ್ಮನೆಯವರಲ್ಲಿ ಗಾಡಿಗಳೇ ಕಮ್ಮಿ. ಇರೋವೆಲ್ಲ ತುಂಬ್ಕೊಂಡೇ ಓಡಾಡ್ತಿವೆ."

"ಕುಂತಿದ್ರೆ ಏನೂ ಆಗಕಿಲ್ಲ. ಅಗ್ಗ ಎಳೆದಾಗ್ಲೇ ಯಾಕ್ ಇಂಗೆ?" ಎಂದಳು ಶಶಿರೇಖಾ.

"ದುಡಿಯೋ ಮಾಂಸಖಂಡ ಬಿಸಿಯಾಗತ್ತೆ, ಅಲ್ಲಿ ಹುಳಿ ಅಂಶ ಏರತ್ತೆ. ಅದು ತಾಗಿದ ಕೂಡಲೇ ಹಿಮೋಗ್ಲೋಬಿನ್ ಹಿಡಿತ ಸಡಿಲ ಮಾಡಿ ಆಮ್ಲಜನಕ ಬಿಟ್ಟುಕೊಡತ್ತೆ. ಎಲ್ಲಿ ಬೇಕೋ ಅಲ್ಲೇ ಇಳಿಸತ್ತೆ ನೋಡಿ! ಸುಮ್ನೆ ಕೂತಾಗ ಇರೋದು ಸಾಕು. ಹಗ್ಗ ಹಿಡಿದ್ರೆ ತೊಡೆ, ಬೆನ್ನು, ತೋಳು ಎಲ್ಲಾ ಒಟ್ಟಿಗೆ ಕೇಳ್ತವೆ. ಇದ್ದದ್ದೆಲ್ಲ ಕೊಟ್ರೂ ಸಾಲಲ್ಲ. ಅಂದ ಹಾಗೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗತ್ತಾ?"

ಶಶಿರೇಖಾ ಗಂಡನ ಕಡೆ ನೋಡಿ ತಲೆ ತಗ್ಗಿಸಿದಳು. "ವರ್ಸದಿಂದ ಜಾಸ್ತಿನೇ. ವಯಸ್ಸಾಯ್ತಲ್ಲ, ಅದ್ಕೇ ಅಂದ್ಕಂಡಿದ್ದೆ."

ಮರಿಸಿದ್ದಯ್ಯನ ಮುಖ ಸಪ್ಪಗಾಯಿತು. "ನಂಗ್ ಯೋಳ್ಬಾರ್ದಾಗಿತ್ತಾ?"

"ಯೋಳಿದ್ರೆ ಬೆರಳ್ಗೆ ಮಿಸಿನ್ ಸಿಕ್ಕಿಸ್ತಿದ್ರಿ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ.

ರಕ್ತಸ್ರಾವಕ್ಕೆ ಔಷಧಿ, ಜೊತೆಗೆ ಕಬ್ಬಿಣದಂಶದ ಮಾತ್ರೆ ಕೊಟ್ಟರು. ಮಾತ್ರೆಯ ಜೊತೆ ನಿಂಬೆಹಣ್ಣಿನ ಪಾನಕ ಕುಡಿಯಬಹುದು, ಕಬ್ಬಿಣ ಮೈಗೆ ಹತ್ತಗೊಡದ ಕಾಫಿ ಮಾತ್ರ ಹತ್ತಿರ ಸುಳಿಯಬಾರದು. ಮರಿಸಿದ್ದಯ್ಯ ಇದನ್ನು ತನ್ನ ನೌಕರಿಯೆಂದೇ ತಿಳಿದ. ದಿನಾ ತಾನೇ ನಿಂಬೆಹಣ್ಣು ಹಿಂಡಿ ಲೋಟ ಹಿಡಿದು ನಿಲ್ಲುತ್ತಿದ್ದ, ಕಾಫಿಪುಡಿ ಡಬ್ಬವನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದ. ಬರಬರುತ್ತಾ ಶಶಿರೇಖಾ ಹಸುವಿನ ಹುಲ್ಲಿನ ಹೊರೆ ಹೊತ್ತು ಏರು ಹತ್ತುವಾಗ ಮಾತು ನಿಲ್ಲಿಸದಾದಳು. ದಸರಾ ಹತ್ತಿರ ಬಂದಾಗ ಮತ್ತೆ ಪರೀಕ್ಷೆ ಮಾಡಿಸಿದರೆ ಹನ್ನೆರಡು ದಾಟಿತ್ತು.

"ಎಳೀರಿ, ಧೈರ್ಯವಾಗಿ ಎಳೀರಿ," ಎಂದರು ಡಾಕ್ಟರ್ ಆಲಿಯಾ.

ತಾಲ್ಲೂಕು ಕ್ರೀಡಾಕೂಟದ ಫೈನಲ್ಲಿನಲ್ಲಿ ಎದುರಿಗೆ ನಿಡಘಟ್ಟದವರು. ಎರಡೂ ತಂಡ ಒಂದೊಂದು ಸುತ್ತು ಗೆದ್ದಿದ್ದವು. ಕೊನೆಯ ಸುತ್ತಿನಲ್ಲಿ ಹಗ್ಗ ಅತ್ತಲೂ ಸರಿಯದು, ಇತ್ತಲೂ ಸರಿಯದು. ಗೆರೆಯಾಚೆ ಕುಣಿಯುತ್ತಿದ್ದ ಮರಿಸಿದ್ದಯ್ಯನಿಗೆ ತಡೆಯಲಾಗಲಿಲ್ಲ. ಮೈದಾನಕ್ಕೆ ನುಗ್ಗಿ, ಹೆಂಡತಿಯ ಹಿಂದೆ ಹಗ್ಗದ ಬಾಲ ಹಿಡಿದು ತಾನೂ ಎಳೆದೇಬಿಟ್ಟ! ತೀರ್ಪುಗಾರರು ಪೀಪಿ ಊದಿ, ವೈದ್ಯನಾಥಪುರ ಸೋತಿತೆಂದರು.

"ಅಯ್ಯೋ ನಿಮ್ ಮನೆ ಕಾಯೋಗ!" ಶಶಿರೇಖಾ ಸೆರಗು ಸಿಕ್ಕಿಸಿ ಅವನನ್ನು ಅಟ್ಟಿಸಿಕೊಂಡು ಹೋದಳು. ಮೈದಾನದ ಸುತ್ತ ಮುಂದೆ ಗಂಡ, ಹಿಂದೆ ಹೆಂಡತಿ. ಸೇರಿದ್ದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಅವನು ಕೈಮುಗಿದು ಧೂಳಿನಲ್ಲೇ ಕುಸಿದ.

ನಿಡಘಟ್ಟದ ತಂಡದ ನಾಯಕಿ ಮಂಗಳಮ್ಮ ನಗುತ್ತಲೇ ತೀರ್ಪುಗಾರರ ಬಳಿ ಹೋದಳು. "ಅವಯ್ಯನ ತಪ್ಗೆ ಎಂಗಸ್ರು ಯಾಕ್ ಸೋಲ್ಬೇಕು? ಇನ್ನೊಂದ್ ಸುತ್ತು ಎಳೀತೀವಿ ಬುಡಿ ಸಾರ್."

ಮತ್ತೆ ಎಳೆದರು. ಈ ಸಲ ಮರಿಸಿದ್ದಯ್ಯನನ್ನು ಇಬ್ಬರು ಹಿಡಿದುಕೊಂಡಿದ್ದರು. ನಿಡಘಟ್ಟದವರು ಎಳೆತಕ್ಕೆ ಸೋತು ಒಬ್ಬೊಬ್ಬರಾಗಿ ಗೆರೆ ದಾಟಿ ಬಂದು, ನಗುತ್ತಾ ಓಡಿ ಹಗ್ಗದ ತುದಿಯಲ್ಲಿದ್ದ ಶಶಿರೇಖಾಳ ಮೇಲೆಯೇ ಬಿದ್ದರು.